ಕಾಗದದ ಚೀಟಿಯೂ ಇರಲಿ



ಇಂಗ್ಲೆಂಡಿನಲ್ಲಿ ಮಕ್ಕಳ ಜೊತೆ ನೆಲೆಸಿರುವ ಕನ್ನಡದ ಹಿರಿಯರ ಪರವಾಗಿ ಈ ಪತ್ರ. ಇಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಹಳೆಯ ಚೀಟಿ ತೋರಿಸಿ ಅಂಗಡಿಯಲ್ಲಿ ಕೊಳ್ಳುವಂತಿಲ್ಲ. ಮುಗಿಯುತ್ತಾ ಬಂದಾಗ ಜಿಪಿ, ಅಂದರೆ ಕುಟುಂಬ ಡಾಕ್ಟರ ಕ್ಲಿನಿಕ್ಕಿಗೆ ಕೋರಿಕೆ ಸಲ್ಲಿಸಬೇಕು. ಅವರು ಒಪ್ಪಿದ ಮೇಲೆ ಚೀಟಿ ಕಂಪ್ಯೂಟರ್ ಮೂಲಕ ನಾವು ಆರಿಸಿದ ಔಷಧಿ ಅಂಗಡಿಗೆ ಹೋಗುತ್ತದೆ. 60 ದಾಟಿದವರಿಗೆ ಔಷಧಿ ಉಚಿತ. ಅದು ದೊಡ್ಡ ಉಪಕಾರವೇ.

ತೊಡಕಿರುವುದು ಕೋರಿಕೆ ಸಲ್ಲಿಸುವುದರಲ್ಲಿ. ಅನೇಕ ಕ್ಲಿನಿಕ್ಕುಗಳು ಫೋನಿನಲ್ಲಿ ಕೇಳಿದರೆ ಒಪ್ಪುವುದಿಲ್ಲ, ಸರ್ಕಾರಿ ಆರೋಗ್ಯ ಸೇವೆಯ (ಎನ್‌ಎಚ್‌ಎಸ್) ಆ್ಯಪ್ ಬಳಸಿ ಎನ್ನುತ್ತವೆ. ನಮ್ಮ ಅತ್ತೆಯವರಿಗೆ ಇಂಗ್ಲಿಷ್ ಬಾರದು. ಆದರೂ ಮಾತ್ರೆಗಳ ಪಟ್ಟಿಯಿರುವ ಕಾಗದದ ಕೋರಿಕೆ ಚೀಟಿಯಲ್ಲಿ ಬೇಕಾದವುಗಳಿಗೆ ಗುರುತು ಹಾಕಿ, ತಾವೇ ನಡೆದು ಹೋಗಿ ಕ್ಲಿನಿಕ್ಕಿನ ಪೆಟ್ಟಿಗೆಗೆ ಹಾಕಿ ಬರುತ್ತಿದ್ದರು. ಈಗ ಆ ಪೆಟ್ಟಿಗೆಯನ್ನೇ ತೆಗೆದಿದ್ದಾರೆ. ತಮ್ಮ ಔಷಧಿಗೂ ಸೊಸೆಯನ್ನು ಕೇಳಬೇಕಲ್ಲ ಎಂಬ ಸಂಕೋಚದಲ್ಲಿ ಮಾತ್ರೆ ಮುಗಿದರೂ ಸುಮ್ಮನಿದ್ದುಬಿಡುತ್ತಾರೆ. ಬಿಪಿ ಮಾತ್ರೆ ತಪ್ಪುವುದು ಸಣ್ಣ ಸಂಗತಿಯೇ?

ಹಿರಿಯರ ಒಪ್ಪಿಗೆ ಪಡೆದು ಮನೆಯವರು ಅವರ ಪರವಾಗಿ ಕೋರಿಕೆ ಸಲ್ಲಿಸಲು ಅವಕಾಶವಿದೆ, ಕ್ಲಿನಿಕ್ಕಿನಲ್ಲಿ ವಿಚಾರಿಸಿ. ಏಕಾಏಕಿ ಮಾತ್ರೆ ಮುಗಿದರೆ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಬಹುದು. ಆದರೆ ಕಾಗದದ ಚೀಟಿಯನ್ನು ನಿಲ್ಲಿಸಬೇಡಿ ಎಂದು ಇಲ್ಲಿನ ಕನ್ನಡ ಸಂಘಗಳು ಕ್ಲಿನಿಕ್ಕುಗಳಿಗೆ ಬರೆಯಬೇಕು ಎಂಬುದು ನನ್ನ ಕಳಕಳಿಯ ವಿನಂತಿ.

– ಓದುಗರೊಬ್ಬರು, ಬರ್ಮಿಂಗ್‌ಹ್ಯಾಮ್