ಕಾಲು ಎಟುಕಿದ ಮಾತ್ರಕ್ಕೆ ಗಾಡಿ ಕೊಡಬೇಡಿ

ಶಾಲೆ ಶುರುವಾಗುವ ದಿನಗಳಲ್ಲಿ ಹನೂರು ಕಡೆಯ ದರ್ಜಿಗಳ ಕಿವಿಗೆ ಬೀಳುವ ಮಾತೊಂದಿದೆ: "ಬೆಳಿಯೋ ಐಕ, ಒಸಿ ದೊಡ್ಡುದಾಗೇ ಹೊಲುದ್ಬುಡಣ್ಣ." ಯೂನಿಫಾರ್ಮಿಗೆ ಈ ಲೆಕ್ಕ ಸರಿ. ಎರಡು ವರ್ಷ ಬರುತ್ತದೆ, ತೋಳು ಉದ್ದವಾದರೆ ಮಡಚಿದರಾಯಿತು. ಇದೇ ಲೆಕ್ಕವನ್ನು ಮಕ್ಕಳ ಬೈಕಿಗೂ ಹಾಕುವ ಅಪ್ಪಂದಿರಿದ್ದಾರೆ. ಟ್ರ್ಯಾಕಿನಲ್ಲಿ ಓಡಿಸುವ ಡರ್ಟ್ ಬೈಕ್ ಆಗಲಿ, ಮನೆ ಮುಂದೆ ನಿಂತ ಹಳೇ ಸ್ಪ್ಲೆಂಡರ್ ಆಗಲಿ, ಮಗ ಹೇಗೂ ಬೆಳೆಯುತ್ತಾನೆ, ದೊಡ್ಡದೇ ಇರಲಿ ಎನ್ನುತ್ತಾರೆ. ಬಟ್ಟೆಯಲ್ಲಿ ಲೆಕ್ಕ ತಪ್ಪಿದರೆ ಅಂಗಿ ಜೋತಾಡುತ್ತದೆ. ಗಾಡಿಯಲ್ಲಿ ತಪ್ಪಿದರೆ ಮಗುವಿನ ಕೈಕಾಲು ಮುರಿಯುತ್ತದೆ.

ಎಲ್ಲ ಎಡವಟ್ಟು ಶುರುವಾಗುವುದು ಸೀಟಿನ ಎತ್ತರದಿಂದ. ಹುಡುಗನನ್ನು ಗಾಡಿ ಮೇಲೆ ಕೂರಿಸಿ, ಕಾಲು ನೆಲಕ್ಕೆ ಎಟುಕಿದರೆ ಸಾಕು, "ಇನ್ನು ಓಡುಸ್ತಾನೆ" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಮಕ್ಕಳ ಮೋಟೋಕ್ರಾಸ್‌ಗೆಂದೇ ತಯಾರಾದ ಕವಾಸಾಕಿ ಕೆಎಕ್ಸ್ 65 ಬೈಕಿನ ಸೀಟು ನೆಲದಿಂದ 760 ಮಿ.ಮೀ. ಎತ್ತರದಲ್ಲಿದೆ. ಸ್ಪ್ಲೆಂಡರ್‌ನದು 785. ಎರಡು ಬೆರಳಿನಷ್ಟೂ ವ್ಯತ್ಯಾಸವಿಲ್ಲ. ಆದರೆ ಕೆಎಕ್ಸ್ ತೂಗುವುದು ಸುಮಾರು 60 ಕೆ.ಜಿ., ಸ್ಪ್ಲೆಂಡರ್ 110 ಕೆ.ಜಿ. ದಾಟುತ್ತದೆ. ಹಳ್ಳಿಯ ಹುಡುಗರು ಆಸೆಗಣ್ಣಿನಿಂದ ನೋಡುವ ಹೀರೋ ಎಕ್ಸ್‌ಪಲ್ಸ್ 200 ಇನ್ನೂ ಭಾರ, 150 ಕೆ.ಜಿ.ಗೂ ಮೇಲೆ. ಮೂವತ್ತೈದು ಕೆ.ಜಿ. ತೂಕದ ಹುಡುಗ ಅದನ್ನು ನೇರ ರಸ್ತೆಯಲ್ಲಿ ಓಡಿಸಿಬಿಡಬಹುದು. ಮರಳಿನಲ್ಲಿ ಮುಂದಿನ ಚಕ್ರ ವಾಲಿದಾಗ ಹಿಡಿದು ನಿಲ್ಲಿಸುವ ಶಕ್ತಿ ಅವನ ತೋಳಿಗಿಲ್ಲ. ಬಿದ್ದ ಗಾಡಿಯ ಕೆಳಗೆ ಕಾಲು ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವ ಶಕ್ತಿಯೂ ಇಲ್ಲ.

ಹಾಗಾದರೆ ನೋಡಬೇಕಾದ್ದೇನು? ಎಂಜಿನ್ ಆಫ್ ಮಾಡಿ, ಗಾಡಿಯನ್ನು ಮಣ್ಣಿನ ಮೇಲೆ ಮೆಲ್ಲಗೆ ಅಡ್ಡ ಮಲಗಿಸಿ. ಹುಡುಗ ಅದನ್ನು ತಾನೊಬ್ಬನೇ ಎತ್ತಿ ನಿಲ್ಲಿಸಲಿ, ಹತ್ತು ಹೆಜ್ಜೆ ತಳ್ಳಿಕೊಂಡು ಹೋಗಲಿ. ಆಮೇಲೆ ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲಲಿ. ಹ್ಯಾಂಡಲ್ ಹಿಡಿಯಲು ಸೊಂಟ ತೀರಾ ಬಾಗಿದರೆ ಗಾಡಿ ಚಿಕ್ಕದಾಗಿದೆ, ತೋಳು ಸೆಟೆದು ನೆಟ್ಟಗಾದರೆ ದೊಡ್ಡದು. ಬ್ರೇಕ್ ಲಿವರ್‌ಗೆ ಎರಡು ಬೆರಳು ಎಟುಕಬೇಕು, ಅಂಗೈ ಹಿಡಿಯ ಮೇಲಿಂದ ಕದಲಬಾರದು. ಸ್ಪ್ರಿಂಗ್ ಕೂಡ ನೋಡಬೇಕು. ದೊಡ್ಡವರ ತೂಕಕ್ಕೆ ಹೊಂದಿಸಿದ ಶಾಕ್ ಅಬ್ಸಾರ್ಬರ್ ಮಗುವಿನ ತೂಕಕ್ಕೆ ಜಗ್ಗುವುದೇ ಇಲ್ಲ, ಪ್ರತಿ ಹಳ್ಳಕ್ಕೂ ಅವನನ್ನು ಮೇಲಕ್ಕೆ ಎಸೆಯುತ್ತದೆ.

ಸಿಸಿಯೊಂದೇ ಅಳತೆಯಲ್ಲ. ಕೆಎಕ್ಸ್ 65 ಟು ಸ್ಟ್ರೋಕ್. ಒಂದು ಹಂತದವರೆಗೆ ಸುಮ್ಮನಿದ್ದು, ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಫೋರ್ ಸ್ಟ್ರೋಕ್‌ನ ಹೋಂಡಾ ಸಿಆರ್‌ಎಫ್ 110 ಎಂಜಿನ್ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡದು, ಆದರೂ ಕಲಿಯುವ ಮಗುವಿಗೆ ಅದೇ ಸಾಧು. ಯಮಹಾ ಪಿಡಬ್ಲ್ಯು 50ರಲ್ಲಿ ಆಕ್ಸಿಲರೇಟರ್ ಎಷ್ಟು ತಿರುಗಬೇಕೆಂದು ಅಪ್ಪ ಅಮ್ಮನೇ ನಿಗದಿ ಮಾಡಲು ಒಂದು ಸ್ಕ್ರೂ ಇದೆ. ಮಗು ಕಲಿತಂತೆಲ್ಲ ಅದನ್ನು ಸ್ವಲ್ಪ ಸ್ವಲ್ಪ ಸಡಿಲಿಸುತ್ತಾ ಹೋದರೆ, ದೊಡ್ಡ ಗಾಡಿ ಕೊಳ್ಳುವುದನ್ನು ಒಂದಷ್ಟು ಕಾಲ ಮುಂದೂಡಬಹುದು. ಮುಂದೂಡಿದಷ್ಟೂ ಒಳ್ಳೆಯದು.

ಈ ಆಟದಲ್ಲಿ ನುರಿತವರಿಗೂ ಅಪಾಯ ತಪ್ಪಿದ್ದಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿ ನಾಡಿಗೆ ಹೆಸರು ತಂದವರು. ಅದೇ ರ‍್ಯಾಲಿಯಲ್ಲಿ 2021ರಲ್ಲಿ ಬಿದ್ದು, ಸೌದಿ ಅರೇಬಿಯಾದ ಆಸ್ಪತ್ರೆಯಲ್ಲಿ ದಿನಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ್ದರು. ಬೆಂಗಳೂರಿನದೇ ಹುಡುಗ ಶ್ರೇಯಸ್ ಹರೀಶ್ 2023ರ ಆಗಸ್ಟ್ 5ರಂದು ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ, ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ರೇಸ್ ವೇಳೆ ಬಿದ್ದು ತೀರಿಕೊಂಡ. ಅವನಿಗಿನ್ನೂ 13 ವರ್ಷ. ಅಲ್ಲಿ ತರಬೇತಿಯಿತ್ತು, ಹೆಲ್ಮೆಟ್ ಇತ್ತು, ವೈದ್ಯರಿದ್ದರು. ಹನೂರು ತಾಲ್ಲೂಕಿನ ಕೌದಳ್ಳಿಯಿಂದ ರಾಮಾಪುರಕ್ಕೆ ಚಪ್ಪಲಿ ಕಾಲಲ್ಲೇ ಗಾಡಿ ಓಡಿಸುವ ಹುಡುಗನಿಗೆ ಇದರಲ್ಲಿ ಯಾವುದಿದೆ?

ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 16 ವರ್ಷದೊಳಗಿನವರಿಗೆ ಡರ್ಟ್ ಬೈಕಿನಂಥ ವಾಹನಗಳೇ ಬೇಡ ಎನ್ನುತ್ತದೆ. ಅಷ್ಟು ಬಿಗಿ ಮಾಡಿದರೆ ಇಲ್ಲಿ ಹುಡುಗರು ಕದ್ದು ಓಡಿಸುತ್ತಾರೆ. ಆದರೆ ರಸ್ತೆಯ ವಿಷಯದಲ್ಲಿ ರಾಜಿಗೆ ಜಾಗವಿಲ್ಲ. ಡರ್ಟ್ ಬೈಕಿಗೆ ಹೆಡ್‌ಲೈಟ್ ಇಲ್ಲ, ನಂಬರ್ ಪ್ಲೇಟ್ ಇಲ್ಲ, ಆರ್‌ಟಿಒದಲ್ಲಿ ನೋಂದಣಿ ಆಗುವುದೂ ಇಲ್ಲ. ಮನೆಯ ಗಾಡಿಯನ್ನೇ ಕೊಟ್ಟರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ನೇರವಾಗಿ ಅಪ್ಪನ ಕೊರಳಿಗೆ ಬರುತ್ತದೆ: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಮಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗದು.

ಕಾಯ್ದೆ ಒಂದು ಮೆಟ್ಟಿಲನ್ನು ಇಟ್ಟಿತ್ತು. 50 ಸಿಸಿ ಮೀರದ ಗಾಡಿಯನ್ನು 16 ತುಂಬಿದವರು ಲೈಸೆನ್ಸ್ ಪಡೆದು ಓಡಿಸಬಹುದು ಎಂಬ ನಿಯಮ ಈಗಲೂ ಇದೆ. ಲೂನಾ ಇದ್ದ ಕಾಲದಲ್ಲಿ, 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಹೊರಬಂದ ಕಾಲದಲ್ಲಿ ಆ ಮೆಟ್ಟಿಲಿಗೆ ಅರ್ಥವಿತ್ತು. ಈಗ ಹೊಲಕ್ಕೆ ಗೊಬ್ಬರ ಹೊರುವ ಟಿವಿಎಸ್ ಎಕ್ಸೆಲ್ ಕೂಡ 99.7 ಸಿಸಿ. ನಿಯಮ ಉಳಿದಿದೆ, ಆ ಗಾತ್ರದ ಪೆಟ್ರೋಲ್ ಗಾಡಿ ಶೋರೂಮಿನಿಂದ ಮಾಯವಾಗಿದೆ. ಹಳ್ಳಿಯ ಹುಡುಗ ಸೈಕಲ್ಲಿನಿಂದ ಇಳಿದು ನೇರವಾಗಿ ನೂರು ಸಿಸಿ ಹತ್ತುತ್ತಾನೆ. ಈ ಖಾಲಿ ಮೆಟ್ಟಿಲನ್ನು ತುಂಬುವ ಬಗ್ಗೆ ಸಾರಿಗೆ ಇಲಾಖೆ ಯೋಚಿಸಲೇಬೇಕು.

ಓಡಿಸಲು ಜಾಗವಾದರೂ ಎಲ್ಲಿದೆ? ಹನೂರು ತಾಲ್ಲೂಕಿನ ಸುತ್ತ ಮಲೆ ಮಹದೇಶ್ವರ ವನ್ಯಧಾಮ, ಕಾವೇರಿ ವನ್ಯಧಾಮ, ಬಿಳಿಗಿರಿರಂಗನ ಬೆಟ್ಟದ ಹುಲಿ ಮೀಸಲು ಪ್ರದೇಶ. ಕಾಡಿನ ಜಾಡು ನೋಡಿದರೆ ಡರ್ಟ್ ಬೈಕಿಗೆಂದೇ ಮಾಡಿದಂತೆ ಕಾಣುತ್ತದೆ, ಆದರೆ ಅದು ಆನೆಯ ದಾರಿ, ಅಪ್ಪಣೆಯಿಲ್ಲದೆ ನುಗ್ಗಿದರೆ ಅಪರಾಧ. ತಾಳಬೆಟ್ಟದಿಂದ ಮಹದೇಶ್ವರ ಬೆಟ್ಟಕ್ಕೆ ಏರುವ ಘಾಟಿಯಲ್ಲಿ ಬಸ್ಸುಗಳ ನಡುವೆ, ನಡೆದು ಬೆಟ್ಟ ಹತ್ತುವ ಮಾದಪ್ಪನ ಭಕ್ತರ ನಡುವೆ ಮಕ್ಕಳ ಕಲಿಕೆಗೆ ಜಾಗವೇ ಇಲ್ಲ.

ಕೋಲಾರದ ಹತ್ತಿರ ಸಂತೋಷ್ ಕಟ್ಟಿದ ಬಿಗ್ ರಾಕ್‌ನಂಥ ತರಬೇತಿ ಮೈದಾನ ಈ ಸೀಮೆಗೂ ಬೇಕು. ಅಷ್ಟು ದೊಡ್ಡದೇ ಆಗಬೇಕಿಲ್ಲ. ಕಾಡಂಚಿನಿಂದ ದೂರದಲ್ಲಿ, ಬೇಲಿ ಹಾಕಿದ ಒಂದೆರಡು ಎಕರೆ ಕಂದಾಯ ಭೂಮಿ, ಒಬ್ಬ ತರಬೇತುದಾರ ಇದ್ದರೆ ಆರಂಭಕ್ಕೆ ಸಾಕು. ಗಾಡಿಗಳನ್ನು ಮೈದಾನವೇ ಇಟ್ಟುಕೊಳ್ಳಲಿ: 50 ಸಿಸಿಯದು ಕೆಲವು, 110ರದು ಕೆಲವು. ಕೆಎಕ್ಸ್ 65ರ ಬೆಲೆ ಲಕ್ಷಗಳಲ್ಲಿದೆ. ಎರಡೇ ವರ್ಷದಲ್ಲಿ ಮಗನಿಗೆ ಚಿಕ್ಕದಾಗುವ ಗಾಡಿಗೆ ಅಷ್ಟು ಸುರಿಯುವ ಶಕ್ತಿ ಇಲ್ಲಿನ ರೈತನಿಗಿಲ್ಲ. ಒಂದು ಸೈಜ್ ದೊಡ್ಡದೇ ಇರಲಿ ಎಂಬ ಆಸೆ ಹುಟ್ಟುವುದೇ ಆ ಖರ್ಚಿನ ಭಯದಿಂದ. ಗಾಡಿ ಮೈದಾನದ್ದಾದರೆ ಒಬ್ಬನಿಗೆ ಚಿಕ್ಕದಾದದ್ದು ಅವನ ತಮ್ಮನಿಗೋ ಪಕ್ಕದ ಮನೆಯ ಹುಡುಗಿಗೋ ಸಿಗುತ್ತದೆ. ಯಾರು ಯಾವ ಗಾಡಿ ಹತ್ತಬೇಕೆಂಬುದನ್ನು, ಮಗ ಬಿದ್ದು ಎದ್ದದ್ದನ್ನೆಲ್ಲ ನೋಡಿರುವ ತರಬೇತುದಾರ ನಿರ್ಧರಿಸುತ್ತಾನೆ. ಚಾಮರಾಜನಗರದ ಜಿಲ್ಲಾಡಳಿತವೂ ಕ್ರೀಡಾ ಇಲಾಖೆಯೂ ಮನಸ್ಸು ಮಾಡಿದರೆ ಇದಕ್ಕೆ ಜಾಗ ಗುರುತಿಸುವುದು ಕಷ್ಟವೇನಲ್ಲ.