ಹೊಸ ಡಬ್ಬಿ ಬರುತ್ತಂತೆ, ಖುಷಿ ಯಾರಿಗೆ?

ವಿಜಯನಗರದ ಒಂದು ಟೀ ಅಂಗಡಿ. ಸಂಜೆ ಏಳರ ಹೊತ್ತು. ನಾಲ್ಕು ಹುಡುಗರು ಬೈ-ಟೂ ಕಾಫಿ ಹಿಡಿದು ನಿಂತಿದ್ದರು. ಒಬ್ಬ ಮೊಬೈಲು ನೋಡುತ್ತಲೇ ಹೇಳಿದ: "ಪಿಎಸ್6 ಬರುತ್ತಂತೆ ಕಣೋ." ಇನ್ನೊಬ್ಬ ತಲೆಯನ್ನೂ ಎತ್ತಲಿಲ್ಲ. "ಬರ್ಲಿ ಬಿಡು ಮಗಾ. ಪಿಎಸ್5ರ ಇಎಂಐ ಇನ್ನೂ ಮೂರು ತಿಂಗಳಿದೆ." ಅಲ್ಲಿಗೆ ಆ ವಿಷಯ ಮುಗಿಯಿತು. ಮಾತು ಕ್ರಿಕೆಟ್‌ಗೆ ಹೊರಳಿತು.

ನನಗೆ ಆಶ್ಚರ್ಯವಾದದ್ದು ಅದಕ್ಕೇ. ಇವರೇನು ಆಟ ಗೊತ್ತಿಲ್ಲದ ಹುಡುಗರಲ್ಲ. ರಾತ್ರಿ ಎರಡರ ತನಕ ಫುಟ್‌ಬಾಲ್ ಗೇಮ್ ಆಡಿ, ಬೆಳಗ್ಗೆ ಆಫೀಸಿನಲ್ಲಿ ತೂಕಡಿಸುವ ಗಿರಾಕಿಗಳು. ಇಂಥವರಿಗೇ ಹೊಸ ಡಬ್ಬಿ ಬಂತೆಂದರೆ ಮೈ ಜುಮ್ಮೆನ್ನುತ್ತಿಲ್ಲ ಅಂದರೆ ಎಲ್ಲೋ ಏನೋ ಕೆಟ್ಟಿದೆ. ಕೆಟ್ಟಿರುವುದು ಹುಡುಗರಾ, ಡಬ್ಬಿಯಾ?

ಕಂಪನಿಗಳಂತೂ ತಮಟೆ ಹೊಡೆಯಲು ಶುರು ಮಾಡಿಯಾಗಿದೆ. ಮುಂದಿನ ಎಕ್ಸ್‌ಬಾಕ್ಸ್‌ಗೆ ಎಎಂಡಿ ಜೊತೆ ಸೇರಿ ಚಿಪ್ಪು ಮಾಡುತ್ತಿದ್ದೇವೆ ಎಂದು ಮೈಕ್ರೋಸಾಫ್ಟ್ 2025ರ ಜೂನ್‌ನಲ್ಲಿ ಸಾರಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸೋನಿಯ ಮಾರ್ಕ್ ಸೆರ್ನಿ ಅದೇ ಎಎಂಡಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇನ್ನು ಕೆಲವು ವರ್ಷದಲ್ಲಿ ಬರುವ ಕನ್ಸೋಲ್‌ನಲ್ಲಿ ಬೆಳಕಿನ ಕಿರಣ ಲೆಕ್ಕ ಹಾಕುವುದಕ್ಕೇ ಬೇರೆ ಭಾಗ ಇರುತ್ತದೆ ಎಂದು ವಿವರಿಸಿದರು. ಒಳ್ಳೆಯದೇ. ಕೊಚ್ಚೆ ನೀರಿನಲ್ಲಿ ಬೀದಿ ದೀಪದ ನೆರಳು ಇನ್ನಷ್ಟು ಸೊಗಸಾಗಿ ಕಾಣುತ್ತೆ. ಅದನ್ನು ನೋಡೋಕೆ ಅರ್ಧ ಲಕ್ಷ ಕೊಡಬೇಕಾ ಎಂಬುದು ನಮ್ಮ ಹುಡುಗನ ಪ್ರಶ್ನೆ.

ಗೆಳೆಯರೇ, ಪುಳಕ ಅಂದರೆ ಏನು ಅಂತ ನಮ್ಮ ತಲೆಮಾರಿಗೆ ಗೊತ್ತು. ಆಗ ಕನ್ಸೋಲ್ ಅಂತ ಯಾರು ಅನ್ನುತ್ತಿದ್ದರು? ಟೀವಿ ಗೇಮ್ ಅಷ್ಟೇ. ಜಪಾನಿನ ಡಬ್ಬಿಯ ನಕಲು ಮೆಜೆಸ್ಟಿಕ್ ಸುತ್ತಮುತ್ತಲ ಅಂಗಡಿಗಳಲ್ಲಿ ಸಿಗುತ್ತಿತ್ತು. "9999 ಇನ್ 1" ಎಂಬ ಕ್ಯಾಸೆಟ್ಟು, ಒಳಗೆ ನೋಡಿದರೆ ಎಂಟೋ ಹತ್ತೋ ಆಟ, ಅವೇ ತಿರುಗಾ ಮುರುಗಾ. ಕ್ಯಾಸೆಟ್ಟು ಓಡದಿದ್ದರೆ ಬಾಯಿಂದ ಉಫ್ ಅಂತ ಊದಿ ಮತ್ತೆ ಸಿಕ್ಕಿಸೋದು. ಆಮೇಲೆ ಬಡಾವಣೆಗೊಂದು ಪಾರ್ಲರ್ ಬಂತು. ಗಂಟೆಗೆ ಇಷ್ಟು ಅಂತ ಕೊಟ್ಟು ಪ್ಲೇಸ್ಟೇಷನ್ ಮುಂದೆ ಕೂತ ಮೊದಲ ದಿನ ನೆನಪಿದೆ. ಅಲ್ಲಿಯವರೆಗೆ ಎಡದಿಂದ ಬಲಕ್ಕೆ ಮಾತ್ರ ಓಡುತ್ತಿದ್ದ ಬೊಂಬೆ, ಅವತ್ತು ತಿರುಗಿ ನಿಂತು ಪರದೆಯ ಒಳಕ್ಕೆ ಓಡಿಹೋಯಿತು! ಅದು ಜಿಗಿತ. ಯಾವ ಜಾಹೀರಾತೂ ಬೇಕಿರಲಿಲ್ಲ. ಮನೆಗೆ ಬಂದು ಅಮ್ಮನ ಹತ್ತಿರ ಬೈಸಿಕೊಂಡರೂ ಮರುದಿನ ಚಿಲ್ಲರೆ ಕೂಡಿಸಿ ಹೋಗುತ್ತಿದ್ದೆವು.

ಈಗ ಹೇಳಿ, ಪಿಎಸ್4ರಿಂದ ಪಿಎಸ್5ಕ್ಕೆ ಹೋದಾಗ ಯಾವ ಬೊಂಬೆ ಎಲ್ಲಿಗೆ ಓಡಿತು? ಲೋಡಿಂಗ್ ಬೇಗ ಆಯಿತು, ಒಪ್ಪಿದೆ. ಅದು ಸಣ್ಣ ಸುಖವೇನಲ್ಲ. ಆದರೆ ಪಿಎಸ್5 ಬಂದದ್ದು 2020ರ ನವೆಂಬರ್. ಅದಾಗಿ ಎರಡು ವರ್ಷಕ್ಕೆ, 2022ರ ನವೆಂಬರ್‌ನಲ್ಲಿ, ಸೋನಿಯ ದೊಡ್ಡ ಆಟ ಗಾಡ್ ಆಫ್ ವಾರ್ ರಾಗ್ನರಾಕ್ ಬಂತು. ಹಳೇ ಪಿಎಸ್4ಕ್ಕೂ ಬಂತು! ಗ್ರ್ಯಾನ್ ಟುರಿಸ್ಮೊ 7 ಕೂಡ ಹಾಗೆಯೇ. ಹಳೇ ಡಬ್ಬಿ ಇಟ್ಟುಕೊಂಡವನು ಏನನ್ನೂ ಕಳಕೊಳ್ಳಲಿಲ್ಲ. ಜಿಟಿಎ 5 ಎಂಬ ಆಟವನ್ನೇ ತಗೊಳ್ಳಿ. 2013ರಲ್ಲಿ ಪಿಎಸ್3ಕ್ಕೆ, 2014ರಲ್ಲಿ ಪಿಎಸ್4ಕ್ಕೆ, 2022ರಲ್ಲಿ ಪಿಎಸ್5ಕ್ಕೆ. ಒಂದೇ ಹುಳಿಯನ್ನು ಮೂರು ಸಲ ಬಿಸಿ ಮಾಡಿ ಬಡಿಸಿದರು. ನಾವೂ ಉಂಡೆವು ಬಿಡಿ, ರುಚಿಯಾಗಿತ್ತು. ಅದರ ಮುಂದಿನ ಭಾಗವನ್ನು ಮುಂದೂಡಿ ಮುಂದೂಡಿ, ಕೊನೆಗೆ 2025ರ ನವೆಂಬರ್‌ನಲ್ಲಿ "2026ರ ನವೆಂಬರ್ 19" ಅಂತ ತಾರೀಕು ಕೊಟ್ಟರು. ಅಂದರೆ ಡಬ್ಬಿ ಕೊಂಡು ಆರು ವರ್ಷಕ್ಕೆ ಅದಕ್ಕೆ ತಕ್ಕ ಆಟ! ಮದುವೆಯಾಗಿ ಆರು ವರ್ಷಕ್ಕೆ ಬೀಗರೂಟ ಹಾಕಿದ ಹಾಗೆ.

ಇನ್ನು ದುಡ್ಡಿನ ಮಾತು. ನನ್ನ ಸಿಟ್ಟಿರುವುದೇ ಇಲ್ಲಿ. ಮೊದಲು ಒಂದು ಮರ್ಯಾದೆ ಇತ್ತು. ಡಬ್ಬಿ ಬಂದಾಗ ದುಬಾರಿ, ವರ್ಷ ಕಳೆದಂತೆ ಅಗ್ಗ. ಪಿಎಸ್2 ಅಮೆರಿಕದಲ್ಲಿ 2000ದಲ್ಲಿ 299 ಡಾಲರಿಗೆ ಬಂದದ್ದು 2009ಕ್ಕೆ 99 ಡಾಲರಿಗೆ ಇಳಿಯಿತು. ಬಡವರ ಮನೆ ಹುಡುಗ ಎರಡು-ಮೂರು ವರ್ಷ ಕಾದರೆ ಅವನಿಗೂ ಸಿಗುತ್ತಿತ್ತು. ಅದಕ್ಕೇ ಅದು 16 ಕೋಟಿ ಮೀರಿ ಮಾರಾಟವಾದದ್ದು. ಈಗ ಲೆಕ್ಕ ತಲೆಕೆಳಗು. ಡಿಸ್ಕ್ ಹಾಕುವ ಪಿಎಸ್5 ನಮ್ಮಲ್ಲಿ 49,990 ರೂಪಾಯಿಗೆ ಬಂತು. 2022ರಲ್ಲಿ 54,990 ಆಯಿತು. ಅಮೆರಿಕದಲ್ಲೂ 2025ರ ಆಗಸ್ಟ್‌ನಲ್ಲಿ 50 ಡಾಲರ್ ಏರಿಸಿದರು. ಮೈಕ್ರೋಸಾಫ್ಟ್ ಇನ್ನೂ ಮುಂದೆ. 499 ಡಾಲರಿನ ಸೀರೀಸ್ ಎಕ್ಸ್‌ಗೆ ಒಂದೇ ವರ್ಷದಲ್ಲಿ ಎರಡು ಸಲ ಬೆಲೆ ಏರಿಸಿ, 2025ರ ಅಕ್ಟೋಬರ್‌ಗೆ 649.99 ಮಾಡಿ ಕೂರಿಸಿತು. ಐದು ವರ್ಷದ ಹಳೇ ಸರಕು ಸ್ವಾಮಿ! ಹಳೇ ಬೈಕಿಗೆ ಶೋರೂಮಿಗಿಂತ ಹೆಚ್ಚು ಕೇಳಿದ ಹಾಗಲ್ಲವೇ ಇದು? ಸಾಲದ್ದಕ್ಕೆ 2025ರ ಕೊನೆಗೆ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನೆಲ್ಲ ಬಾಚಿಕೊಂಡು, ಮಾರ್ಕೆಟ್ಟಿನಲ್ಲಿ ಅದರ ಬೆಲೆಯೂ ಆಕಾಶಕ್ಕೆ ಹೋಯಿತು. ಮುಂದಿನ ಡಬ್ಬಿಗೂ ಬೇಕಾದದ್ದು ಅದೇ ಮೆಮೊರಿ. ಯಾರ ತಲೆಗೆ ಕಟ್ಟುತ್ತಾರೆ ಎಂದು ಹೇಳಬೇಕಾಗಿಲ್ಲ.

ದುಡ್ಡು ಹಿಡಿದು ನಿಂತರೂ ಸಿಕ್ಕಿತೇ? ಪ್ರಪಂಚಕ್ಕೆಲ್ಲ 2020ರ ನವೆಂಬರ್‌ನಲ್ಲಿ ಬಂದ ಪಿಎಸ್5 ನಮಗೆ ಬಂದದ್ದು 2021ರ ಫೆಬ್ರವರಿ 2ಕ್ಕೆ. ಬುಕ್ಕಿಂಗ್ ತೆರೆದ ಕೆಲವೇ ನಿಮಿಷದಲ್ಲಿ ಖಾಲಿ. ಆಮೇಲೆ ಗಾಂಧಿನಗರದ ಟಾಕೀಸಿನ ಮುಂದೆ ಬ್ಲ್ಯಾಕ್ ಟಿಕೆಟ್ ಮಾರಿದ ಹಾಗೆ ಮಾರಿದರು. 2024ರ ನವೆಂಬರ್‌ನಲ್ಲಿ ಪಿಎಸ್5 ಪ್ರೊ ಬಿಟ್ಟಾಗ ಇಂಡಿಯಾದ ಹೆಸರೇ ಪಟ್ಟಿಯಲ್ಲಿರಲಿಲ್ಲ. ಅದರ ವೈ-ಫೈ ಬಳಸುವ ತರಂಗಕ್ಕೆ ಇಲ್ಲಿ ಆಗ ಅನುಮತಿ ಇರಲಿಲ್ಲವಂತೆ. ನಿಂಟೆಂಡೊ ಅಂತೂ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. 2025ರ ಜೂನ್ 5ರಂದು ಸ್ವಿಚ್ 2 ಬಿಡುಗಡೆ ಮಾಡಿದಾಗಲೂ ನಾವು ಲೆಕ್ಕಕ್ಕಿಲ್ಲ. ಬೇಕಾದವರು ದುಬೈಗೆ ಹೋಗಿಬರುವ ಚಿಕ್ಕಪ್ಪನನ್ನು ಹಿಡಿಯಬೇಕು, ಇಲ್ಲವೇ ಗ್ಯಾರಂಟಿ ಇಲ್ಲದ ಕಳ್ಳ ದಾರಿಯ ಮಾಲಿಗೆ ಕೈ ಹಾಕಬೇಕು. ಕರೆಯದ ಮದುವೆಗೆ ಹೊಸ ಬಟ್ಟೆ ಹೊಲಿಸಿಕೊಂಡು ಕೂರುವುದು ಹೇಗೆ?

ಡಿಸ್ಕಿನ ವಿಷಯ ಹೇಳದಿದ್ದರೆ ಆಗದು. ನಮ್ಮ ಹುಡುಗರು ಇಷ್ಟು ವರ್ಷ ಆಡಿದ್ದೇ ಡಿಸ್ಕಿನ ಪುಣ್ಯದಿಂದ. 4,999 ಕೊಟ್ಟು ಒಂದು ಆಟ ತರುವುದು, ಹದಿನೈದು ದಿನದಲ್ಲಿ ಮುಗಿಸಿ ಬಸವನಗುಡಿಯ ಗೆಳೆಯನಿಗೆ ಮೂರು ಸಾವಿರಕ್ಕೆ ದಾಟಿಸುವುದು, ಅವನು ಮುಗಿಸಿ ಇನ್ನೊಬ್ಬನಿಗೆ. ಒಂದು ಡಿಸ್ಕು ನಾಲ್ಕು ಮನೆ ಸುತ್ತಿ ಬರುತ್ತಿತ್ತು. ಹಿಂದೆ ಪಕ್ಕದ ಮನೆಯವರ ಸುಧಾ, ಮಯೂರ ಸುತ್ತುತ್ತಿರಲಿಲ್ಲವೇ, ಹಾಗೆ. ಈಗ ಪ್ರೊ ಡಬ್ಬಿಗೆ ಡಿಸ್ಕ್ ಡ್ರೈವೇ ಇಲ್ಲ. 2024ರಲ್ಲಿ ಬಂದಾಗ 699.99 ಡಾಲರ್ ಕೊಟ್ಟ ಮೇಲೂ ಅದನ್ನು ಬೇರೆಯಾಗಿ ಕೊಳ್ಳಬೇಕಿತ್ತು. ಮುಂದಿನ ಡಬ್ಬಿಯಲ್ಲಿ ಇದೇ ಚಾಳಿ ನಡೆದರೆ, ನೀನು ಕೊಂಡ ಆಟ ನಿನ್ನದಲ್ಲ. ತಮ್ಮನಿಗೂ ಕೊಡುವ ಹಾಗಿಲ್ಲ, ಮಾರುವ ಹಾಗಂತೂ ಇಲ್ಲವೇ ಇಲ್ಲ. ಅಕೌಂಟಿನಲ್ಲಿ ಬಿದ್ದಿರುತ್ತೆ, ಕಂಪನಿ ಇಟ್ಟಷ್ಟು ದಿನ.

ಇಷ್ಟು ಹೇಳಿ ಗೇಮಿಂಗೇ ಸತ್ತಿತು ಅಂದರೆ ಅದು ಸುಳ್ಳು. ಅದೇ ಸ್ವಿಚ್ 2 ಮೊದಲ ನಾಲ್ಕೇ ದಿನದಲ್ಲಿ 35 ಲಕ್ಷ ಮಾರಾಟವಾಯಿತು. ಕಂಪನಿ ತನ್ನ ಇತಿಹಾಸದಲ್ಲೇ ಕಾಣದ ಓಟ ಅದು. ಚೀನಾದ ಕತೆ ಇನ್ನೂ ಸ್ವಾರಸ್ಯ. 2000ದಿಂದ ಅಲ್ಲಿ ಕನ್ಸೋಲ್ ಮಾರುವುದಕ್ಕೇ ನಿಷೇಧವಿತ್ತು, 2015ಕ್ಕೆ ಪೂರ್ತಿ ತೆಗೆದರು. ಒಂಬತ್ತೇ ವರ್ಷಕ್ಕೆ, 2024ರ ಆಗಸ್ಟ್‌ನಲ್ಲಿ, ಅವರದೇ ಹುಡುಗರು ಅವರದೇ ಹಳೇ ಕತೆಯ ಕೋತಿಯನ್ನು ನಾಯಕನನ್ನಾಗಿ ಮಾಡಿ ಬ್ಲ್ಯಾಕ್ ಮಿಥ್ ವುಕಾಂಗ್ ಎಂಬ ಆಟ ಬಿಟ್ಟರು. ಮೂರು ದಿನದಲ್ಲಿ ಒಂದು ಕೋಟಿ ಪ್ರತಿ ಹೋಯಿತು! ಜನ ಕುಣಿದದ್ದು ಡಬ್ಬಿಗಲ್ಲ, ಚಿಪ್ಪಿಗಲ್ಲ. ಅಜ್ಜಿ ಹೇಳಿದ ಕತೆ ತಮ್ಮ ಭಾಷೆಯಲ್ಲಿ, ತಮ್ಮ ಕೈಯಲ್ಲಿ ಓಡಾಡಿತಲ್ಲ, ಅದಕ್ಕೆ.

ಹಾಗಾದರೆ ನಮ್ಮ ಕತೆ ಏನು? ಪಿಎಸ್5 ಇರುವವರು ಇವತ್ತು ಮನೆಗೆ ಹೋಗಿ ಸೆಟ್ಟಿಂಗ್ಸ್‌ನಲ್ಲಿ ಭಾಷೆಗಳ ಪಟ್ಟಿ ತೆಗೆದು ನೋಡಿ. ಡೇನಿಷ್ ಇದೆ. ಫಿನ್ನಿಷ್ ಇದೆ. ನಾರ್ವೇಜಿಯನ್ ಇದೆ. ಡೆನ್ಮಾರ್ಕ್, ಫಿನ್‌ಲ್ಯಾಂಡ್, ನಾರ್ವೆ, ಈ ಒಂದೊಂದು ದೇಶದ ಜನವೂ 2011ರ ಜನಗಣತಿಯಲ್ಲಿದ್ದ ಬೆಂಗಳೂರು ನಗರ ಜಿಲ್ಲೆಯೊಂದರ ಜನಕ್ಕಿಂತ ಕಡಿಮೆ! ಅದೇ ಜನಗಣತಿಯಲ್ಲಿ ಕನ್ನಡ ಮನೆಮಾತು ಎಂದು ಬರೆಸಿದವರು 4 ಕೋಟಿ 37 ಲಕ್ಷ. ಪಟ್ಟಿಯಲ್ಲಿ ಕನ್ನಡ ಇಲ್ಲ. ಆ ಸಣ್ಣ ದೇಶಗಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರದು ಇರಬೇಕಾದದ್ದೇ. ನಮ್ಮದು ಯಾಕಿಲ್ಲ ಅನ್ನೋದಷ್ಟೇ ಕೇಳುತ್ತಿರುವುದು.

"ಕನ್ನಡದವರು ಕೊಳ್ಳೋದಿಲ್ಲ" ಎಂದು ಟೈ ಕಟ್ಟಿದವರು ಹೇಳಬಹುದು. ಕೊಳ್ಳುವುದು ಹಾಗಿರಲಿ, ಮಾಡುವವರಲ್ಲೇ ಈ ಊರಿನವರಿದ್ದಾರಲ್ಲ! ಧ್ರುವ ಇಂಟರಾಕ್ಟಿವ್ ಎಂಬ ಕಂಪನಿ ಬೆಂಗಳೂರಿನಲ್ಲಿ 1997ರಲ್ಲೇ ಹುಟ್ಟಿದ್ದು. ಎಕ್ಸ್‌ಬಾಕ್ಸ್‌ನ ಫೋರ್ಜಾ ಆಟಗಳಿಗೆ ಕಾರುಗಳನ್ನು ಕೆತ್ತಿಕೊಟ್ಟವರಲ್ಲಿ ಅವರೂ ಒಬ್ಬರು. 2019ರಲ್ಲಿ ಅದನ್ನು ಕೊಂಡವರು ಜಿಟಿಎ ಮಾಡುವ ರಾಕ್‌ಸ್ಟಾರ್‌ನವರು. ಅವರ ಬೆಂಗಳೂರು ಆಫೀಸಿನ ಹುಡುಗರು ರೆಡ್ ಡೆಡ್ ರಿಡೆಂಪ್ಶನ್ 2ರಲ್ಲೂ ದುಡಿದಿದ್ದಾರೆ. ಬೆಂಗಳೂರಿನ ನೀರು ಕುಡಿದು, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬೆವರಿ, ಅಮೆರಿಕದ ಕುದುರೆಗೆ ಜೀವ ತುಂಬಲು ನಮ್ಮ ಊರು ಬೇಕು. ಪರದೆಯ ಮೇಲೆ "ಆಟ ಮುಂದುವರಿಸಿ" ಎಂಬ ಎರಡು ಪದ ಬರೆಯೋಕೆ ನಮ್ಮ ನುಡಿ ಬೇಡ.

ಒತ್ತಕ್ಷರ ಕೂರಿಸೋದು ಕಷ್ಟ ಅನ್ನುತ್ತಾರೆ. ಯೂನಿಕೋಡ್‌ಗೆ ಕನ್ನಡ ಸೇರಿದ್ದು 1991ರಲ್ಲಿ, ಮೊದಲ ಆವೃತ್ತಿಯಲ್ಲೇ. ಹತ್ತು ಸಾವಿರದ ಮೊಬೈಲಿನಲ್ಲಿ ಅಜ್ಜಿ ಕನ್ನಡದಲ್ಲಿ ಮೆಸೇಜು ಓದುತ್ತಾಳೆ. ಬೆಳಕಿನ ಕಿರಣ ಕೊಚ್ಚೆಯಲ್ಲಿ ಎಷ್ಟು ಡಿಗ್ರಿ ಬಾಗುತ್ತದೆ ಎಂದು ಲೆಕ್ಕ ಹಾಕುವ ಯಂತ್ರಕ್ಕೆ ತ ಕೆಳಗೆ ತ ಕೂರಿಸಲು ಬರುವುದಿಲ್ಲವೇ? ಇನ್ನು ಕೆಲವು ನಮ್ಮವರೇ ಡಬ್ಬಿಂಗ್ ಹಳೇ ಜಗಳ ತೆಗೆಯುತ್ತಾರೆ. ಅಪ್ಪಾ, ಅದು ಸಿನಿಮಾದವರ ಅನ್ನದ ಪ್ರಶ್ನೆ ಎಂದು ದಶಕಗಟ್ಟಲೆ ನಡೆಯಿತು, ಅದನ್ನು ಅಲ್ಲಿಗೇ ಬಿಡಿ. ನಾನು ಕೇಳುತ್ತಿರುವುದು ಮೆನು, ಅಡಿಬರಹ, ಅಷ್ಟೇ. ಇದರಿಂದ ಯಾರ ಅನ್ನವೂ ಹೋಗುವುದಿಲ್ಲ. ಅನುವಾದ ಮಾಡುವ ನಾಲ್ಕು ಹುಡುಗರಿಗೆ ಕೆಲಸ ಸಿಗುತ್ತೆ.

ಹಾಗಾಗಿ ಟೀ ಅಂಗಡಿಯ ಆ ಹುಡುಗನನ್ನು ನಾನು ಬೈಯುವುದಿಲ್ಲ. ಅವನ ನಿರುತ್ಸಾಹ ಸೋಮಾರಿತನವಲ್ಲ, ಅದು ಲೆಕ್ಕಾಚಾರ. ಹೊಸ ಡಬ್ಬಿ ಬರಲಿ. ಬಂದ ದಿನವೇ ಬುಕ್ಕಿಂಗಿಗೆ ಮುಗಿಬಿದ್ದು ವೀಡಿಯೋ ಹಾಕುವವರು ಹಾಕಲಿ. ನೀವು ಮಾತ್ರ ಒಂದು ವರ್ಷ ಸುಮ್ಮನೆ ಕೂತು ನೋಡಿ. ಡಿಸ್ಕ್ ಹಾಕುವ ಜಾಗ ಇದೆಯಾ, ಅದಕ್ಕೇ ಅಂತ ಮಾಡಿದ ಆಟ ಎಷ್ಟು ಬಂದವು, ಭಾಷೆಯ ಪಟ್ಟಿಯಲ್ಲಿ ನಮ್ಮ ಸಾಲು ಬಂತಾ. ಕಂಪನಿಗಳ ಗ್ರಾಹಕ ಸೇವೆಗೆ ಫೋನ್ ಮಾಡಿದಾಗಲೆಲ್ಲ, ನಿಮ್ಮ ದೂರು ಏನೇ ಇರಲಿ, ಕೊನೆಗೆ "ಕನ್ನಡ ಯಾವಾಗ?" ಅಂತ ಒಂದು ಮಾತು ಕೇಳಿ ಇಡಿ. ಹತ್ತು ಜನ ಕೇಳಿದರೆ ನಗುತ್ತಾರೆ. ಹತ್ತು ಸಾವಿರ ಜನ ಕೇಳಿದರೆ ಮೀಟಿಂಗು ಕರೆಯುತ್ತಾರೆ.

ನನ್ನ ಮನೆಯ ಪಿಎಸ್4 ಇನ್ನೂ ಓಡುತ್ತಿದೆ. ಫ್ಯಾನಿನ ಸದ್ದು ಮಾತ್ರ ಚಟ್ನಿ ರುಬ್ಬುವ ಮಿಕ್ಸಿಯ ಹಾಗಿದೆ. ಭಾನುವಾರ ಬಿಚ್ಚಿ ಧೂಳು ಹೊಡೆಯಬೇಕು.