ಪ್ಲಗ್ ಹಾಕುವವರು ಯಾರು?

ಆದಾಯ ತೆರಿಗೆಯವರ ಕಣ್ಣಿಗೆ ಕಂಪನಿ ಕಾರಿನ ಬೆಲೆ ಕಾಣುವುದಿಲ್ಲ, ಇಂಜಿನ್ನಿನ ಗಾತ್ರ ಮಾತ್ರ ಕಾಣುತ್ತದೆ. 1962ರ ಆದಾಯ ತೆರಿಗೆ ನಿಯಮಗಳಲ್ಲಿ, 2009ರ ಪರಿಷ್ಕರಣೆಯ ನಂತರ, ಲೆಕ್ಕ ಹೀಗಿತ್ತು: ಕಂಪನಿ ಕೊಟ್ಟ ಕಾರನ್ನು ಉದ್ಯೋಗಿ ಕಚೇರಿ ಕೆಲಸಕ್ಕೂ ಮನೆ ಕೆಲಸಕ್ಕೂ ಬಳಸುತ್ತಿದ್ದು, ಖರ್ಚೆಲ್ಲ ಕಂಪನಿಯದೇ ಆಗಿದ್ದರೆ, ಇಂಜಿನ್ 1.6 ಲೀಟರಿನೊಳಗಿದ್ದಾಗ ತಿಂಗಳಿಗೆ 1,800 ರೂಪಾಯಿ, ಅದಕ್ಕಿಂತ ದೊಡ್ಡದಾದರೆ 2,400 ರೂಪಾಯಿಯನ್ನು ಸಂಬಳಕ್ಕೆ ಸೇರಿಸಿ ತೆರಿಗೆ ಹಾಕಬೇಕು. ಡ್ರೈವರನ್ನೂ ಕೊಟ್ಟಿದ್ದರೆ ಇನ್ನೊಂದು 900. ಹದಿನೈದು ವರ್ಷ ಈ ಅಂಕಿಗಳು ಕದಲಲಿಲ್ಲ. ಒಂದು ಕೋಟಿಯ ಕಾರಿಗೂ ಡ್ರೈವರ್ ಸಮೇತ ತಿಂಗಳಿಗೆ 3,300, ವರ್ಷಕ್ಕೆ 39,600. ಶೇ 30ರ ಹಂತದಲ್ಲಿರುವವರು ಅದರ ಮೇಲೆ ಕಟ್ಟುವುದು, ಸರ್ಚಾರ್ಜ್ ಬಿಟ್ಟರೆ, ಹನ್ನೆರಡು ಸಾವಿರ ಚಿಲ್ಲರೆ.

ಆ 2,400ರೊಳಗೆ ಪೆಟ್ರೋಲೂ ಸೇರಿದೆ ಎಂಬುದು ಇಲ್ಲಿ ಮುಖ್ಯ. ತಿಂಗಳಿಗೆ ಐವತ್ತು ಲೀಟರ್ ಸುಟ್ಟರೂ ಇನ್ನೂರು ಲೀಟರ್ ಸುಟ್ಟರೂ ಉದ್ಯೋಗಿಯ ತೆರಿಗೆ ಒಂದೇ. ಈ ಲೆಕ್ಕದೊಳಗೆ ಪ್ಲಗ್-ಇನ್ ಹೈಬ್ರಿಡ್ ಕಾರನ್ನು ತಂದು ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ಹೈದರಾಬಾದಿನಂಥ ಊರು ಯೋಚಿಸಬೇಕಾಗಿದೆ. ಹೈಬ್ರಿಡ್ ಕಾರುಗಳಿಗೂ ರಿಯಾಯಿತಿ ಕೊಡಿ ಎಂಬ ಕೂಗು ಒಂದೊಂದೇ ರಾಜ್ಯದ ಬಾಗಿಲು ತಟ್ಟುತ್ತಿದೆ.

ಹೈಬ್ರಿಡ್ ಎಂಬ ಮಾತು ಕನ್ನಡಕ್ಕೆ ಹೊಸದಲ್ಲ. ಕಲಬುರಗಿ, ರಾಯಚೂರು ಕಡೆಯ ರೈತರು ಹೈಬ್ರಿಡ್ ಜೋಳ ಬೆಳೆದು ಮಾರಿ, ರೊಟ್ಟಿಗೆ ಮಾತ್ರ ಬಿಳಿಜೋಳವನ್ನೇ ಇಟ್ಟುಕೊಂಡವರು. ಕಾರಿನ ಲೋಕದಲ್ಲಿ ಈ ಪದ ಎರಡು ಬೇರೆ ಬೇರೆ ವಸ್ತುಗಳಿಗೆ ಅಂಟಿಕೊಂಡಿರುವುದರಿಂದ ಗೊಂದಲ ಹೆಚ್ಚು. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಕೂಡ ಹೈಬ್ರಿಡ್. ಆದರೆ ಅದಕ್ಕೆ ಪ್ಲಗ್ ಇಲ್ಲ. ಓಡುವಾಗ, ಬ್ರೇಕ್ ಹಾಕಿದಾಗ ತಾನೇ ಚಾರ್ಜ್ ಮಾಡಿಕೊಳ್ಳುತ್ತದೆ. ಯಾರ ಅಭ್ಯಾಸವೂ ಬದಲಾಗಬೇಕಿಲ್ಲ. ಪ್ಲಗ್-ಇನ್ ಹಾಗಲ್ಲ. ಅದರಲ್ಲಿ ಇನ್ನೂ ದೊಡ್ಡ ಬ್ಯಾಟರಿ ಇದೆ, ರಾತ್ರಿ ಗೋಡೆಗೆ ಸಿಕ್ಕಿಸಿದರೆ ಬೆಳಿಗ್ಗೆ ನಲವತ್ತು-ಐವತ್ತು ಕಿಲೋಮೀಟರ್ ಪೆಟ್ರೋಲ್ ಮುಟ್ಟದೆ ಓಡುತ್ತದೆ. ಸಿಕ್ಕಿಸದಿದ್ದರೆ ಆ ಬ್ಯಾಟರಿ ಬಹುಮಟ್ಟಿಗೆ ಕಾರು ಹೊತ್ತು ತಿರುಗುವ ಭಾರ.

ಭಾರತದಲ್ಲಿ ಇದು ಸಿರಿವಂತರ ಕಾರಾಗಿಯೇ ಬಂತು. 2016ರಲ್ಲಿ ವೋಲ್ವೋ ಎಕ್ಸ್‌ಸಿ90 ಟಿ8 ಬಂದಾಗ ಬೆಲೆ ಕೋಟಿಯ ಮೇಲಿತ್ತು. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲೇ ಪ್ಲಗ್-ಇನ್ ಕಾರು ಜೋಡಿಸುವುದಾಗಿ ಕಂಪನಿ 2018ರಲ್ಲಿ ಹೇಳಿತು. ಕೆಲವೇ ವರ್ಷಗಳಲ್ಲಿ ಟಿ8 ಇಲ್ಲಿನ ಮಾರಾಟದ ಪಟ್ಟಿಯಿಂದ ಇಳಿಯಿತು. 2022ರಲ್ಲಿ ಅದೇ ಹೊಸಕೋಟೆಯಿಂದ ಪೂರ್ತಿ ವಿದ್ಯುತ್ ಕಾರು ಎಕ್ಸ್‌ಸಿ40 ರೀಚಾರ್ಜ್ ಹೊರಬಂತು. ಪೋರ್ಷೆ, ಬಿಎಂಡಬ್ಲ್ಯು, ರೇಂಜ್ ರೋವರ್‌ಗಳ ಪ್ಲಗ್-ಇನ್ ಕಾರುಗಳೂ ಬಂದವು. ಇಷ್ಟು ಬೆಲೆಯ ಕಾರನ್ನು ಸ್ವಂತ ಹೆಸರಿನಲ್ಲಿ ಕೊಳ್ಳುವವರಿಗಿಂತ ಕಂಪನಿಯ ಹೆಸರಿನಲ್ಲಿ ಕೊಳ್ಳುವುದೇ ಲಾಭ ಎಂದುಕೊಳ್ಳುವವರು ಹೆಚ್ಚಿದ್ದರೆ ಆಶ್ಚರ್ಯವೇನಿಲ್ಲ.

ಕಾಗದದ ಮೇಲೆ ನೋಡಿದರೆ ಹೈದರಾಬಾದಿಗೆ ಇದಕ್ಕಿಂತ ಹೊಂದುವ ಕಾರಿಲ್ಲ. ಜುಬಿಲಿ ಹಿಲ್ಸ್‌ನಿಂದ ಹೈಟೆಕ್ ಸಿಟಿಗೆ ಹೋಗಿ ಬರಲು ಇಪ್ಪತ್ತು ಕಿಲೋಮೀಟರ್ ಆಸುಪಾಸು. ವಾರದ ಐದು ದಿನ ಪೆಟ್ರೋಲ್ ಬೇಡ. ಶನಿವಾರ ಬೀದರಿಗೆ, ಕಲಬುರಗಿಗೆ, ಹಬ್ಬಕ್ಕೆ 570 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೊರಟರೆ ಚಾರ್ಜಿಂಗ್ ಸ್ಟೇಷನ್ ಹುಡುಕುವ ತಲೆನೋವಿಲ್ಲ. ಮನೆಯ ಕರೆಂಟು ಯೂನಿಟ್ಟಿಗೆ ಹತ್ತು ರೂಪಾಯಿ ಎಂದು ಹಿಡಿದರೂ, ನಲವತ್ತು ಕಿಲೋಮೀಟರಿಗೆ ಹತ್ತು-ಹನ್ನೆರಡು ಯೂನಿಟ್, ಅಂದರೆ ನೂರಿಪ್ಪತ್ತು ರೂಪಾಯಿಯೊಳಗೆ. ಇಂಥ ಭಾರದ ಕಾರು ಲೀಟರಿಗೆ ಹತ್ತು ಕಿಲೋಮೀಟರ್ ಕೊಟ್ಟರೆ, ಲೀಟರಿಗೆ 107 ರೂಪಾಯಿಯಂತೆ ಅದೇ ದಾರಿಗೆ 428. ವ್ಯತ್ಯಾಸ ಕಣ್ಣಿಗೆ ರಾಚುತ್ತದೆ.

ಆದರೆ ಆ 428 ಯಾರ ಜೇಬಿನಿಂದ, ಆ 120 ಯಾರ ಜೇಬಿನಿಂದ? ಪೆಟ್ರೋಲಿನ ಬಿಲ್ಲು ಫ್ಯೂಯಲ್ ಕಾರ್ಡಿನ ಮೂಲಕ ಕಂಪನಿಗೆ ಹೋಗುತ್ತದೆ. ಕರೆಂಟಿನ ಬಿಲ್ಲು ಮನೆಗೆ ಬರುತ್ತದೆ, ಫ್ರಿಜ್ಜು, ಏಸಿಯ ಜೊತೆ ಕಲೆತು ಬರುತ್ತದೆ. ಅದರಲ್ಲಿ ಕಾರು ಕುಡಿದದ್ದೆಷ್ಟು ಎಂದು ಬಿಡಿಸಿ ಅಕೌಂಟ್ಸ್ ವಿಭಾಗದವರ ಮುಂದಿಡಬೇಕಾದರೆ ಬೇರೆ ಮೀಟರ್ ಬೇಕು. ಪ್ಲಗ್ ಹಾಕಿದರೆ ಕಂಪನಿಗೆ ಉಳಿತಾಯ, ಹಾಕಿದವರಿಗೆ ಖರ್ಚು. ತಿಳಿದವರು ಯಾರು ಹಾಕುತ್ತಾರೆ?

ಇನ್ನೊಬ್ಬರ ಪಾತ್ರವೂ ಇಲ್ಲಿದೆ. ಇಂಥ ಕಾರುಗಳಲ್ಲಿ ಎಷ್ಟೋ ಕಾರುಗಳನ್ನು ಓಡಿಸುವವರು ಡ್ರೈವರ್. ರಾತ್ರಿ ಹತ್ತಕ್ಕೆ ಸಾಹೇಬರನ್ನು ಇಳಿಸಿ, ಸೆಲ್ಲಾರಿನಲ್ಲಿ ಕಾರು ನಿಲ್ಲಿಸಿ, ಕೀ ವಾಚ್‌ಮನ್ ಕೈಗೋ ಮನೆಯವರ ಕೈಗೋ ಕೊಟ್ಟು ಕೊನೆಯ ಬಸ್ಸು ಹಿಡಿಯುವ ಮನುಷ್ಯ. ಸೆಲ್ಲಾರಿನಲ್ಲಿ ಪಾಯಿಂಟ್ ಹಾಕಿಸಬೇಕಾದರೆ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಒಪ್ಪಬೇಕು, ವೈರಿಂಗ್ ತಾಳುತ್ತದೆಯೇ ಎಂಬ ವಾದ ಮುಗಿಯಬೇಕು. 2019ರಲ್ಲಿ ಕೇಂದ್ರ ನಗರಾಭಿವೃದ್ಧಿ ಸಚಿವಾಲಯ ಮಾದರಿ ಕಟ್ಟಡ ನಿಯಮಗಳನ್ನು ತಿದ್ದಿ, ಪಾರ್ಕಿಂಗಿನ ಶೇ 20ರಷ್ಟು ಜಾಗದಲ್ಲಿ ಚಾರ್ಜಿಂಗ್ ಇರಬೇಕೆಂದಿತು. ಅದಕ್ಕೂ ಮೊದಲು ಕಟ್ಟಿದ ಸೆಲ್ಲಾರುಗಳಿಗೆ ಅದು ಏನೂ ಮಾಡುವುದಿಲ್ಲ. ಇಷ್ಟೆಲ್ಲ ಆದಮೇಲೂ, ಪ್ಲಗ್ ಹಾಕಿ ಹೋಗಪ್ಪ ಎಂದು ಡ್ರೈವರಿಗೆ ಯಾರಾದರೂ ಹೇಳಬೇಕು. ಹೇಳುವವರಿಗೆ ಅದರಿಂದ ಬರುವುದೇನು?

ಇದು ಬರಿಯ ಊಹೆಯಲ್ಲ, ಯುರೋಪಿನಲ್ಲಿ ನಡೆದು ಹೋದ ಕಥೆ. 2018ರಲ್ಲಿ ಬ್ರಿಟನ್ನಿನ ಒಂದು ಸಂಸ್ಥೆ ತಾನು ಲೆಕ್ಕವಿಡುವ ಪ್ಲಗ್-ಇನ್ ಕಂಪನಿ ಕಾರುಗಳ ಇಂಧನ ದಾಖಲೆ ತೆಗೆದು ನೋಡಿತು. ಲೀಟರಿಗೆ ಸುಮಾರು 46 ಕಿಲೋಮೀಟರ್ ಎಂದು ಹೇಳಿಕೊಂಡಿದ್ದ ಕಾರುಗಳು ರಸ್ತೆಯಲ್ಲಿ ಕೊಟ್ಟದ್ದು ಹದಿನಾಲ್ಕರ ಆಸುಪಾಸು. ಕಂಪನಿಗೆ ಮರಳಿ ಬಂದ ಕೆಲವು ಕಾರುಗಳಲ್ಲಿ ಚಾರ್ಜಿಂಗ್ ಕೇಬಲ್ ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಹಾಗೆಯೇ ಇತ್ತು. ತೆರಿಗೆ ರಿಯಾಯಿತಿಗಾಗಿ ಕಾರು ಕೊಂಡಿದ್ದರು, ರಿಯಾಯಿತಿ ಸಿಕ್ಕಿತ್ತು, ಕೇಬಲ್ಲಿನ ಅಗತ್ಯ ಬೀಳಲಿಲ್ಲ. 2022ರಲ್ಲಿ ಐಸಿಸಿಟಿ ಎಂಬ ಸ್ವಚ್ಛ ಸಾರಿಗೆಯ ಸಂಶೋಧನಾ ಸಂಸ್ಥೆ ಯುರೋಪಿನ ಸಾವಿರಾರು ಕಾರುಗಳ ಲೆಕ್ಕ ಮಾಡಿತು: ಸ್ವಂತ ಪ್ಲಗ್-ಇನ್ ಕಾರುಗಳು ಓಡಿದ ದೂರದಲ್ಲಿ ಶೇ 45ರಿಂದ 49 ವಿದ್ಯುತ್ತಿನಿಂದ, ಕಂಪನಿ ಕಾರುಗಳಲ್ಲಿ ಅದು ಶೇ 11ರಿಂದ 15 ಮಾತ್ರ. ಬದಲಾದದ್ದು ಕಾರಲ್ಲ, ಪೆಟ್ರೋಲಿಗೆ ದುಡ್ಡು ಕೊಡುವವರು.

ಕಂಪನಿ ಕಾರನ್ನು ಬಳಸುವವರು ಎಲ್ಲೂ ಅದನ್ನು 'ಕಂಪನಿಯ ಕಾರು' ಎನ್ನುವುದಿಲ್ಲ, 'ನಮ್ಮ ಕಾರು' ಎನ್ನುತ್ತಾರೆ. ಕನ್ನಡದ ಷಷ್ಠಿ ವಿಭಕ್ತಿ ಉದಾರಿ. ಒಡೆತನಕ್ಕೂ ಬಳಕೆಗೂ ಅದರಲ್ಲಿ ಭೇದವಿಲ್ಲ. ಆ ಭೇದ ಹೊರಗೆ ಬರುವುದು ಕಾರು ಬಿಡುವ ದಿನ. ಕಂಪನಿ ತನ್ನ ಕಾರನ್ನು ಉದ್ಯೋಗಿಗೇ ಮಾರಿದರೆ, ಅದೇ ತೆರಿಗೆ ನಿಯಮಗಳ ಪ್ರಕಾರ ಪೂರ್ಣಗೊಂಡ ಪ್ರತಿ ವರ್ಷಕ್ಕೆ ಉಳಿದ ಬೆಲೆಯ ಶೇ 20 ಕಳೆಯಬೇಕು. ಒಂದು ಕೋಟಿಯ ಕಾರು ನಾಲ್ಕು ವರ್ಷಕ್ಕೆ ಕಾಗದದಲ್ಲಿ 40.96 ಲಕ್ಷಕ್ಕೆ ಇಳಿಯುತ್ತದೆ. ಉದ್ಯೋಗಿ ಅದನ್ನು 25 ಲಕ್ಷಕ್ಕೆ ಪಡೆದರೆ ಉಳಿದ 15.96 ಲಕ್ಷ ಸಂಬಳದಂತೆ ತೆರಿಗೆಗೆ ಸೇರುತ್ತದೆ. ತಿಂಗಳಿಗೆ 3,300ರಲ್ಲಿ ಸುಖವಾಗಿದ್ದವರಿಗೆ ಕಾರಿನ ನಿಜವಾದ ಬೆಲೆ ಮೊದಲ ಸಲ ತಟ್ಟುವುದು ಇಲ್ಲಿ. ಕಾರು ಸ್ವಂತದ್ದಾದ ಮರುದಿನದಿಂದ ಪೆಟ್ರೋಲೂ ಸ್ವಂತದ್ದು. ಚಾರ್ಜಿಂಗ್ ಪಾಯಿಂಟ್ ಹಾಕಿಸುವ ಉಮೇದು ಬರಬೇಕಾದರೆ ಬರುವುದು ಆಗಲೇ, ಬ್ಯಾಟರಿಗೆ ನಾಲ್ಕು ವರ್ಷ ತುಂಬಿದ ಮೇಲೆ.

ಸರ್ಕಾರಗಳು ಏನು ಮಾಡುತ್ತಿವೆ? 2017ರಲ್ಲಿ ಜಿಎಸ್‌ಟಿ ಬಂದಾಗ ದೊಡ್ಡ ಹೈಬ್ರಿಡ್ ಕಾರುಗಳ ಮೇಲೆ ಸೆಸ್ ಸೇರಿ ಶೇ 43 ಬಿತ್ತು. ವಿದ್ಯುತ್ ವಾಹನಗಳಿಗೆ 2019ರ ಆಗಸ್ಟಿನಿಂದ ಶೇ 5. 2024ರ ಜುಲೈಯಲ್ಲಿ ಉತ್ತರ ಪ್ರದೇಶ ಸ್ಟ್ರಾಂಗ್ ಹೈಬ್ರಿಡ್ ಮತ್ತು ಪ್ಲಗ್-ಇನ್ ಕಾರುಗಳ ನೋಂದಣಿ ತೆರಿಗೆಯನ್ನೇ ಮನ್ನಾ ಮಾಡಿತು. ತೆಲಂಗಾಣ ಅದೇ ವರ್ಷದ ನವೆಂಬರಿನಲ್ಲಿ ಕೊಟ್ಟ ರಸ್ತೆ ತೆರಿಗೆ ವಿನಾಯಿತಿ, 2026ರ ಕೊನೆಯವರೆಗೆ, ವಿದ್ಯುತ್ ವಾಹನಗಳಿಗೆ. 2023ರ ಫೆಬ್ರವರಿಯಲ್ಲಿ ಹುಸೇನ್ ಸಾಗರದ ದಂಡೆಯಲ್ಲಿ ಫಾರ್ಮುಲಾ ಇ ಕಾರುಗಳನ್ನು ಓಡಿಸಿದ ಊರಿಗೆ ತಕ್ಕ ನಿಲುವು ಅದು. ತೆಲಂಗಾಣ ಆ ಗೆರೆ ದಾಟಬಾರದು. ಅದರಲ್ಲೂ ಕಂಪನಿ ಹೆಸರಿನಲ್ಲಿ ನೋಂದಣಿಯಾಗುವ ಪ್ಲಗ್-ಇನ್ ಕಾರಿಗೆ ಶೋರೂಮಿನಲ್ಲೇ ರಿಯಾಯಿತಿ ಕೊಟ್ಟರೆ ಯುರೋಪು ಕೊಟ್ಟ ದಂಡವನ್ನೇ ಮತ್ತೆ ಕೊಟ್ಟಂತೆ.

ಪ್ಲಗ್-ಇನ್ ಕಾರು ಕೆಟ್ಟದ್ದು ಎಂದು ಇದರ ಅರ್ಥವಲ್ಲ. ಮನೆಯಲ್ಲಿ ಪಾಯಿಂಟ್ ಇರುವ, ಪೆಟ್ರೋಲಿಗೆ ತಾವೇ ದುಡ್ಡು ಕೊಡುವ, ತಿಂಗಳಿಗೊಮ್ಮೆ ಊರಿಗೆ ಹೋಗುವ ಸಂಸಾರಕ್ಕೆ ಅದು ಒಳ್ಳೆಯ ಕಾರು. ಬೆಲೆ ಇಳಿದು ಅಂಥ ಸಂಸಾರಗಳ ಕೈಗೆ ಎಟುಕಿದರೆ ಸಂತೋಷವೇ. ಕಂಪನಿಗಳಿಗೆ ಕೊಡಲೇಬೇಕೆಂದಿದ್ದರೆ ಕಾರಿಗಲ್ಲ, ಕರೆಂಟಿಗೆ ಕೊಡಲಿ. ಉದ್ಯೋಗಿಯ ಮನೆಯಲ್ಲಿ ಬೇರೆ ಮೀಟರಿನ ಚಾರ್ಜರ್ ಹಾಕಿಸಿ ಅದರ ಬಿಲ್ಲು ಕಂಪನಿಯೇ ಕಟ್ಟಲಿ, ಫ್ಯೂಯಲ್ ಕಾರ್ಡಿಗೆ ತಿಂಗಳ ಮಿತಿ ಬೀಳಲಿ. ಕಾರು ತನ್ನೊಳಗೇ ಬರೆದಿಟ್ಟುಕೊಳ್ಳುವ ವಿದ್ಯುತ್ ಓಟದ ಲೆಕ್ಕ ತೋರಿಸಿದವರಿಗೆ ಮಾತ್ರ ವರ್ಷದ ಕೊನೆಗೆ ರಿಯಾಯಿತಿ ಸಿಗಲಿ. ರಾತ್ರಿ ಪ್ಲಗ್ ಹಾಕುವ ಡ್ರೈವರಿಗೂ ಅದರಲ್ಲೊಂದು ಪಾಲು ಇರಲಿ. ಇದಾವುದಕ್ಕೂ ಹೊಸ ತಂತ್ರಜ್ಞಾನ ಬೇಕಿಲ್ಲ.

ಅಲ್ಲಿಯವರೆಗೆ, ಕಂಪನಿಯೊಂದು ಬಿಟ್ಟ ಪ್ಲಗ್-ಇನ್ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೊರಟವರು ಟೈರು ಒದ್ದು ನೋಡುವ ಮೊದಲು ಡಿಕ್ಕಿ ತೆಗೆಸಲಿ. ಕೇಬಲ್ ಇದೆಯೇ, ಅದರ ತುದಿ ಬಳಸಿ ಸವೆದಿದೆಯೇ, ಕವರಿನಲ್ಲೇ ಇದೆಯೇ ಎಂದು ನೋಡಲಿ. ಬ್ಯಾಟರಿಯ ವಾರಂಟಿ ಇನ್ನೆಷ್ಟು ವರ್ಷ ಉಳಿದಿದೆ, ಅದು ಹೊಸ ಮಾಲೀಕರಿಗೂ ಸಲ್ಲುತ್ತದೆಯೇ ಎಂಬುದನ್ನು ಬರವಣಿಗೆಯಲ್ಲೇ ಪಡೆಯಲಿ.